ಶುಕ್ರವಾರ, ಹತ್ತೂ ನಲವತ್ತು

ಜೂನ್ ೩೦, ಸೋಮವಾರ

ಅಪ್ಪಾಸಾಹೇಬ ಕಾಣೆಯಾಗಿದ್ದಾನೆ. ಕಾಣೆಯಾದವನು ಶಾಸಕನಾದರೆ ಯಾರೂ ಪೊಲೀಸರಿಗೆ ದೂರು ಕೊಡುವುದಿಲ್ಲ, ಯಾವ ಹೋಟೆಲಿನಲ್ಲಿದ್ದಾನೆ ಎಂದು ಮಾತ್ರ ಕೇಳುತ್ತಾರೆ. ಬೆಳಗಿನಿಂದ ವಾಕಡದ ನಮ್ಮ ಸಂಪರ್ಕ ಕಾರ್ಯಾಲಯದ ಫೋನು ಬಡಿದುಕೊಳ್ಳುತ್ತಲೇ ಇದೆ. ಅವನ ಎರಡೂ ಮೊಬೈಲು ಬಂದ್. ‘ಸಾಹೇಬರು ದೇವದರ್ಶನಕ್ಕೆ ಹೋಗಿದ್ದಾರೆ’ ಎಂದು ಮೂವತ್ತು ಸಲ ಹೇಳಿದೆ. ಯಾವ ದೇವರು ಎಂದು ಯಾರೂ ಕೇಳಲಿಲ್ಲ.

ಈ ಪುಸ್ತಕದಲ್ಲಿ ಅವನನ್ನು ಏಕವಚನದಲ್ಲೇ ಬರೆಯುತ್ತೇನೆ. ಹಗಲೆಲ್ಲ ‘ಸಾಹೇಬರು’ ಎಂದು ನಾಲಿಗೆ ಸವೆದಿದೆ. ಇದಾದರೂ ನನ್ನದು.

ಸಭಾಧ್ಯಕ್ಷರನ್ನು ಬಿಟ್ಟರೆ ವಿಧಾನಸಭೆಯಲ್ಲಿ ಇನ್ನೂರ ಎಂಬತ್ತೇಳು ಮಂದಿ. ನಮ್ಮ ಪಕ್ಷದ ಸರಕಾರದ ಕಡೆ ನೂರ ನಲವತ್ತನಾಲ್ಕು, ಆ ಕಡೆ ನೂರ ನಲವತ್ತಮೂರು. ಬರುವ ಶುಕ್ರವಾರ ವಿಶ್ವಾಸಮತ. ಒಬ್ಬನೇ ಒಬ್ಬ ಎದ್ದು ಆಚೆ ಕೂತರೆ ಸರಕಾರ ಮಕಾಡೆ. ಆ ಒಬ್ಬ ಯಾರು ಎಂದು ಟಿವಿಯವರೆಲ್ಲ ತಲೆ ಕೆಡಿಸಿಕೊಂಡಿದ್ದಾರೆ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಹತ್ತೊಂಬತ್ತು ವರ್ಷ ಅವನ ಚಪ್ಪಲಿಯ ಸಪ್ಪಳದ ಮೇಲೆಯೇ ಅವನ ಮನಸ್ಸು ಓದಿದವನು ನಾನು.

ಎರಡು ವರ್ಷದ ಹಿಂದೆ ಶಾಲೆಗೆ ಮೀಸಲಿಟ್ಟ ಮೈದಾನವನ್ನು ಬಿಲ್ಡರನಿಗೆ ಬಿಡಿಸಿಕೊಡಲು ಅವನೇ ಶಿಫಾರಸು ಪತ್ರ ಕೊಟ್ಟ. ಗದ್ದಲವಾದಾಗ ಕಾರ್ಯಾಲಯದ ಮೆಟ್ಟಿಲ ಮೇಲೆ ನಿಂತು, ಟಿವಿಯವರ ಮುಂದೆ, ‘ನನ್ನ ಗುಮಾಸ್ತ ಬಿಂದುಮಾಧವ ನನಗೆ ತಿಳಿಯದಂತೆ ಹಿಂದಿನ ತಾರೀಖು ಹಾಕಿ ಶಿಕ್ಕಾ ಹೊಡೆದಿದ್ದಾನೆ’ ಅಂದ. ನಾನು! ಬಾಗಲಕೋಟೆಯಿಂದ ಬಂದ ದಿನದಿಂದ ಒಂದು ಅಂಕಿ ತಿದ್ದಿದವನಲ್ಲ. ಒಂಬತ್ತು ದಿನ ಒಳಗೆ ಕೂತು ಬಂದೆ. ಕೊನೆಗೆ ಪುರಾವೆ ಇಲ್ಲವೆಂದು ಬಿಟ್ಟರು. ಆದರೆ ಪೇಪರಿನಲ್ಲಿ ಹಿಡಿದದ್ದು ದೊಡ್ಡ ಅಕ್ಷರ, ಬಿಟ್ಟದ್ದು ಸಣ್ಣ ಅಕ್ಷರ. ಮಠದಲ್ಲಿ ಗುರುವಾರದ ಭಜನೆಯ ಮೊದಲ ಹಾಡು ನನ್ನ ಹೆಂಡತಿ ದುರ್ಗಾಳದು. ಆ ವಾರ ಹೆಂಗಸರು ಅದನ್ನು ಬೇರೆಯವಳಿಗೆ ಕೊಟ್ಟರು. ಇವಳು ಹಿಂದೆ ಕಂಬದ ಹತ್ತಿರ ಕೂತಳು.

ಆಮೇಲೆ ಅವನು ನಕ್ಕು ‘ಬನ್ನಿ ಬಿಂದೂರಾವ್, ರಾಜಕಾರಣದಲ್ಲಿ ಇದೆಲ್ಲ ನಡೆಯುತ್ತದೆ’ ಎಂದು ಅದೇ ಕುರ್ಚಿಗೆ ಕರೆದ.

“ಹೋಗಬ್ಯಾಡ್ರಿ,” ಅಂದಿದ್ದಳು ದುರ್ಗಾ. “ಬ್ಯಾರೆ ಎಲ್ಲಿಯಾರ ನೋಡೂಣು.”

ಹೋದೆ. ಹೊಟ್ಟೆಪಾಡಿಗಲ್ಲ. ಅವನು ಜಾರಿ ಬೀಳುವ ದಿನ ಬಂದೇ ಬರುತ್ತದೆ, ಆ ದಿನ ಅವನ ಕಾಲಬುಡದಲ್ಲೇ ನಾನಿರಬೇಕು ಎಂದು ಹೋದೆ.

ಜುಲೈ ೪, ಶುಕ್ರವಾರ

ಸರಕಾರ ಬಿತ್ತು. ಒಂದು ಮತ. ಅಪ್ಪಾಸಾಹೇಬ ಆ ಕಡೆ ಕೂತ. ನೂರ ನಲವತ್ತನಾಲ್ಕು ಅವರು, ನೂರ ನಲವತ್ತಮೂರು ನಾವು.

ಬೆಳಿಗ್ಗೆಯದನ್ನು ಮೊದಲು ಬರೆಯುತ್ತೇನೆ. ಹತ್ತೂ ನಲವತ್ತಕ್ಕೆ ಅವಧೂತ ಬಂದ. ಅವಧೂತ ಪಕ್ಷದ ಜಿಲ್ಲಾ ಕಚೇರಿಯವನು, ಅಕ್ಕಲಕೋಟೆಯ ಕಡೆಯವನಾದ್ದರಿಂದ ನನ್ನ ಹತ್ತಿರ ಕನ್ನಡವನ್ನೇ ಮಾತಾಡುತ್ತಾನೆ. ಕೈಯಲ್ಲಿ ಮೊಹರು ಹಚ್ಚಿದ ಲಕೋಟೆ.

“ವಿಪ್ ಅದರಿ, ಬಿಂದೂರಾಯರ. ಪಕ್ಷದ ಪರ ಮತಾ ಹಾಕಬೇಕಂತ ಹುಕುಂ. ಹೋಟೆಲ್‌ನಾಗ ಗೇಟಿನ ಒಳಗ ಬಿಡಲಿಲ್ಲ, ವಾಟ್ಸಪ್ಪಿಗೆ ಒಂದ ಟಿಕ್. ಇಲ್ಲಿ ನೀವು ತಗೊಂಡು ಸಹಿ ಮಾಡಿದ್ರ ಅವರಿಗೆ ಮುಟ್ಟಿದಂಗ.”

“ಮುಟ್ಟಿದ ಮ್ಯಾಲೂ ಆಚೆ ಮತ ಹಾಕಿದ್ರ?”

“ಶಾಸಕಗಿರಿ ಹೋತು.”

ಎರಡು ವರ್ಷ ಕಾದದ್ದು ಲಕೋಟೆಯಲ್ಲಿ ನಡೆದು ಬಂದಿತ್ತು. ಇಂಥ ಕಾಗದವನ್ನು ಕೆಟ್ಟ ಹೊತ್ತಿನಲ್ಲಿ ಹೇಗೆ ತೆಗೆದುಕೊಳ್ಳಲಿ? ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಆ ಹೊತ್ತಿನಲ್ಲಿ ಹಿಡಿದ ಕೆಲಸ ಹಾಳಾಗುತ್ತದೆ. ನಮ್ಮಪ್ಪ ಆ ಹೊತ್ತಿನಲ್ಲಿ ಪೆನ್ನಿನ ಟೋಪಿ ತೆಗೆದವರಲ್ಲ, ನಾನೂ ತೆಗೆದವನಲ್ಲ. ಬಂದವರು ಬೆಂಚಿನ ಮೇಲೆ ಕೂರುತ್ತಾರೆ, ಹೊತ್ತು ಕಳೆದ ಮೇಲೆ ಕಾಗದ ತೆಗೆದುಕೊಂಡು ಆಗಿನ ವೇಳೆ ಬರೆಯುತ್ತೇನೆ. ಇಲ್ಲಿಯ ಮರಾಠಿ ಮಂದಿಗೆ ಇದೊಂದು ತಮಾಷೆ. ನಮ್ಮ ಲಗ್ನದ ನೋಂದಣಿಯ ದಿನ ರಜಿಸ್ಟ್ರಾರನನ್ನೂ ಕೂರಿಸಿದ್ದೆ ಎಂದು ದುರ್ಗಾ ಇಂದಿಗೂ ನಗುತ್ತಾಳೆ.

“ಕೂಡು ಅವಧೂತ. ಹನ್ನೆರಡಕ್ಕ ತಗೋತೀನಿ.”

“ಮತದಾನ ಮೂರಕ್ಕ ಅಂತಾರ. ಕೂಡತೀನಿ, ಚಾ ತರಸ್ರಿ.”

ಅವನ ಬಾಜೂ ಲಾಲಪ್ಪ ಕೂತಿದ್ದ. ಯಾದಗಿರಿಯ ಕಡೆಯವ, ಇಲ್ಲಿ ಕಟ್ಟಡದ ಮೇಲೆ ಗಾರೆ ಕೆಲಸ. ಮಗಳ ಶಾಲೆಗೆ, ಇಲ್ಲೇ ವಾಸವೆಂದು ತೋರಿಸುವ ರಹವಾಸಿ ಪತ್ರ ಬೇಕಾಗಿತ್ತು. ಇಬ್ಬರೂ ಚಹಾ ಕುಡಿದರು. ಹನ್ನೆರಡೂ ಐದಕ್ಕೆ ಲಕೋಟೆ ತೆಗೆದುಕೊಂಡೆ. ಬಂದ ಪತ್ರಗಳ ರಜಿಸ್ಟರಿನಲ್ಲಿ ಬರೆದು, ಶಿಕ್ಕಾ ಹೊಡೆದು, ಅವಧೂತನ ಪ್ರತಿಯ ಮೇಲೆ ಸಹಿ ಮಾಡಿಕೊಟ್ಟೆ. ಹನ್ನೆರಡೂ ಹತ್ತಕ್ಕೆ ಲಾಲಪ್ಪನ ಅರ್ಜಿ.

ಆಗ ಅವಧೂತನ ಫೋನು ಬಡಿದುಕೊಂಡಿತು. ಕೇಳಿಸಿಕೊಂಡು ನನಗೆ ಹೇಳಿದ. ಚರ್ಚೆಯನ್ನು ಅರ್ಧಕ್ಕೆ ನಿಲ್ಲಿಸಿ ಹನ್ನೊಂದೂವರೆಗೇ ಮತ ತೆಗೆದುಕೊಂಡುಬಿಟ್ಟಿದ್ದರು.

ಜುಲೈ ೯, ಬುಧವಾರ

ಚಾತುರ್ಮಾಸ್ಯ ಹತ್ತಿದೆ. ಮೊದಲ ತಿಂಗಳು ತರಕಾರಿ ಇಲ್ಲ. ಹೆಸರುಬೇಳೆ ತೊವ್ವೆ, ಮೆಣಸಿನ ಸಾರು. ರುಚಿ ಹತ್ತುತ್ತಿಲ್ಲ.

ಅಪ್ಪಾಸಾಹೇಬ ಇಂದು ವಾಕಡಕ್ಕೆ ಬಂದ. ಡೋಲು, ತಾಶೆ, ಜೆಸಿಬಿಯ ಮೇಲಿಂದ ಹೂವು. ಮಂತ್ರಿಯಾಗುತ್ತಾನಂತೆ. ಪಕ್ಷದವರು ಅನರ್ಹತೆಯ ಅರ್ಜಿ ಹಾಕಿದ್ದಾರೆ, ಸಭಾಧ್ಯಕ್ಷರು ವಿಚಾರಣೆ ಮಾಡಬೇಕು, ಕೋರ್ಟು ಆಗಸ್ಟ್ ಕೊನೆಯ ಗಡುವು ಹಾಕಿದೆ. ಇವನ ಉತ್ತರ ಒಂದೇ ಸಾಲು: ವಿಪ್ ನನಗೆ ಮತದಾನಕ್ಕೆ ಮುಂಚೆ ಮುಟ್ಟಲಿಲ್ಲ.

ಎಲ್ಲರೆದುರು ನನ್ನ ಹೆಗಲ ಮೇಲೆ ಕೈ ಹಾಕಿದ. ಅತ್ತರಿನ ವಾಸನೆ. “ಬಿಂದೂರಾವ್, ಎಷ್ಟಕ್ಕೆ ಬರೆದಿದ್ದೀರಿ?”

ಬಾಯಿಗೆ ರೂಢಿ ಇದ್ದದ್ದೇ ಬಂತು. “ಹನ್ನೆರಡೂ ಐದು.”

ಹೊಟ್ಟೆ ಹಿಡಿದುಕೊಂಡು ನಕ್ಕ. “ಇವರ ರಾಹು ನನ್ನ ಪಾಲಿಗೆ ಗುರುವಾದ ನೋಡಿ. ದೇವರು ಬಂದರೂ ಹೊರಗೆ ಕೂರಿಸುವ ಮನುಷ್ಯ! ರಜಿಸ್ಟರು ಭದ್ರವಾಗಿಡಿ.” ರಜಿಸ್ಟರು ತೆರೆದು ಸಹ ನೋಡಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ನೋಡಿದವನಲ್ಲ. ಪೇಢೆ ತಿನ್ನಿಸಲು ಬಂದ. ವ್ರತ ಎಂದು ಹೇಳಿ ತಪ್ಪಿಸಿಕೊಂಡೆ. ಪೇಢೆಗೆ ಈ ತಿಂಗಳು ಯಾವ ವ್ರತದ ಅಡ್ಡಿಯೂ ಇಲ್ಲ.

ನನ್ನನ್ನು ಕಳ್ಳನೆಂದವನು ನನ್ನ ಪ್ರಾಮಾಣಿಕತೆಯ ಮೇಲೆ ಕಾಲಿಟ್ಟು ಮಂತ್ರಿಯಾಗುತ್ತಾನೆ. ಅವನ ಹೊಟ್ಟೆ ಉರಿಯಬೇಕು. ನಾನು ಉರಿದಂತೆ ಒಂಬತ್ತು ದಿನವಲ್ಲ, ಬದುಕಿರುವ ತನಕ ಉರಿಯಬೇಕು.

ಜುಲೈ ೧೨, ಶನಿವಾರ

ರಾಹುಕಾಲ ಹತ್ತೂವರೆಗೆ ಮುಗಿಯಿತು. ಹತ್ತೂ ಮೂವತ್ತೈದಕ್ಕೆ ಅವಧೂತ ಮನೆಗೆ ಬಂದ. ನನ್ನ ರೂಢಿ ಅವನಿಗೂ ಪಾಠವಾಗಿದೆ.

“ಬಿಂದೂರಾಯರ, ನಾ ಅವತ್ತ ಎಷ್ಟಕ್ಕ ಬಂದೆ?”

“ಹತ್ತೂ ನಲವತ್ತಕ್ಕ.”

“ಖರೇನ?”

“ಖರೇನ.”

“ಮತ್ತ ರಜಿಸ್ಟರ್‌ನಾಗ ಖರೇ ಯಾಕಿಲ್ಲ?” ಅಂದ.

ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಅವನು ಬಂದದ್ದು ಹತ್ತೂ ನಲವತ್ತಕ್ಕೆ, ಲಕೋಟೆ ನನ್ನ ಮೇಜಿನಿಂದ ಮೂರು ಮಾರು ದೂರ ಇದ್ದದ್ದೂ ಹತ್ತೂ ನಲವತ್ತಕ್ಕೆ. ನಾನು ಹನ್ನೆರಡೂ ಐದು ಎಂದು ಬರೆದದ್ದೇ ಒಂದು ಲೆಕ್ಕದಲ್ಲಿ ಸುಳ್ಳು. ಹತ್ತೂ ನಲವತ್ತು ಎಂದು ಬರೆದರೆ ಸುಳ್ಳನ್ನು ಸರಿಪಡಿಸಿದಂತೆ. ಇದು ನನಗೆ ಮೊದಲೇ ಯಾಕೆ ಹೊಳೆಯಲಿಲ್ಲವೋ.

ಇವನನ್ನು ತೆಗೆದರೆ ಆಚೆ ನೂರ ನಲವತ್ತಮೂರು, ಈಚೆ ನೂರ ನಲವತ್ತಮೂರು. ಸಮಸಮ ಆದರೆ ಸಭಾಧ್ಯಕ್ಷರ ಒಂದು ಮತ, ಅವರು ನಮ್ಮವರು. ರಾಜ್ಯದ ಸರಕಾರ ನನ್ನ ಒಂದು ಸಾಲಿನ ಮೇಲೆ ನಿಂತಿದೆ. ಬಾಗಲಕೋಟೆಯ ಗುಮಾಸ್ತನ ಮಗನ ಸಾಲು.

“ನಿಮಗೇನ ಬೇಕು, ಹೇಳ್ರಿ,” ಅಂದ ಅವಧೂತ.

“ಏನೂ ಬ್ಯಾಡ. ತೀರ್ಪು ಓದೂ ಮುಂದ ಅವನ ಎದುರು ನನಗೊಂದು ಕುರ್ಚಿ ಬೇಕು. ಮುಖಾ ನೋಡಬೇಕು.”

“ಹಾವೂ ಸಾಯಬೇಕು, ಕೋಲೂ ಮುರೀಬಾರದು. ನೀವು ತಿದ್ದೀರಿ ಅಂತ ಅವರು ಅಂದ್ರ?”

ನನಗೆ ನಗೆ ಬಂತು. “ಅವಗ ಬಾಯಿಲೆ ಹೇಳಿದ್ದು ಗಾಳಿಗೆ ಹೋತು. ಹತ್ತೊಂಬತ್ತು ವರ್ಷದ ರಜಿಸ್ಟರು ಅವ. ಆರು ತಿಂಗಳಿಗೊಂದು, ಮೂವತ್ತೆಂಟು. ಎಲ್ಲಾ ಹಾಜರ ಮಾಡಸ್ರಿ. ಒಂದ ತಿದ್ದುಪಡಿ, ಒಂದ ಅಳಸಿದ್ದು ತೋರಸಲಿ, ಮೀಸಿ ಬೋಳಸ್ತೀನಿ.”

ಅವಧೂತ ನನ್ನ ಕಾಲು ಮುಟ್ಟಿದ. ಮೂವತ್ತೆಂಟನ್ನೂ ತರಿಸುವ ಅರ್ಜಿ ಸೋಮವಾರವೇ ಹಾಕುತ್ತಾರಂತೆ.

ಜುಲೈ ೧೫, ಮಂಗಳವಾರ

ರಜೆ ಹಾಕಿ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗೆ ಹೋಗಿ ಅದೇ ಕಂಪನಿಯ, ಅದೇ ಕೆಂಪು ಬಟ್ಟೆಯ ಬೆನ್ನಿನ ರಜಿಸ್ಟರು ತಂದೆ. ಅದೃಷ್ಟಕ್ಕೆ ಹೊಸದು ಜುಲೈ ಒಂದರಿಂದ ಶುರುವಾಗಿದೆ, ಎಂಬತ್ತಮೂರೇ ನಮೂದು.

ಮಧ್ಯಾಹ್ನ ಮೂರಕ್ಕೆ ನಕಲು ಮಾಡಲು ಕೂರುವವನಿದ್ದೆ. ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ. ಒಳ್ಳೆಯ ಕೆಲಸಕ್ಕೆ ಅವಸರ ಬೇಡವೆಂದು ಕಾದೆ. ನಾಲ್ಕೂವರೆಗೆ ಸ್ನಾನ ಮಾಡಿ, ಗೋಪೀಚಂದನ ಹಚ್ಚಿಕೊಂಡು ಕೂತೆ. ನೀಲಿ ಪೆನ್ನು, ಕಪ್ಪು ಪೆನ್ನು, ಇದ್ದಂತೆಯೇ. ಅಕ್ಷರ ಸುಂದರವಾಗಿ ಬಂದಿದೆ. ಹತ್ತೂ ನಲವತ್ತು ಎಂದು ಬರೆಯುವಾಗ ಕೈ ಒಂದು ಕ್ಷಣ ತಡೆಯಿತು. ಆ ಹೊತ್ತಿನ ಅಂಕಿ ಬರೆದು ಕೈಗೆ ರೂಢಿಯಿಲ್ಲ, ಅಷ್ಟೇ.

ಲಾಲಪ್ಪನ ಅರ್ಜಿಯನ್ನು ಬಿಟ್ಟೆ. ಅವನು ಆ ದಿನ ಬೆಂಚಿನ ಮೇಲೆ ಇದ್ದದ್ದು ಯಾರಿಗೂ ತಿಳಿಯಬೇಕಾಗಿಲ್ಲ. ಅವಧೂತನ ಪ್ರತಿಗೂ ಹೊಸ ಸಹಿ ಮಾಡಿಕೊಟ್ಟೆ.

ಹಳೆಯದನ್ನು ಬಕೀಟಿನಲ್ಲಿ ನೆನೆ ಹಾಕಿದೆ. ಶಾಯಿ ಬಿಟ್ಟುಕೊಂಡು ನೀರು ನೀಲಿಯಾಯಿತು. ದುರ್ಗಾ ಬಂದು ನೋಡಿ, ಏನೂ ಕೇಳದೆ, ಒಗೆಯುವ ಬಟ್ಟೆ ತಿರುಗಿ ಒಳಗೆ ಒಯ್ದಳು.

ಊಟ ರುಚಿಯಾಯಿತು.

ಜುಲೈ ೨೨, ಮಂಗಳವಾರ

ಲಾಲಪ್ಪ ಬಂದಿದ್ದ. ಜೊತೆಗೆ ಹೆಂಡತಿ ಯಮನವ್ವ. ಕೆಲಸ ಬಿಟ್ಟು ಬಂದಿದ್ದರಿಂದ ಇಬ್ಬರ ಕೈಗೂ ಸಿಮೆಂಟು ಮೆತ್ತಿತ್ತು.

“ಸಾಹೇಬ್ರ, ಸಾಲ್ಯಾಗ ರಹವಾಸಿ ಪತ್ರ ಬರಲಿಲ್ಲ ಅಂತಾರ. ಇಪ್ಪತ್ತಕ್ಕ ತಾರೀಖ ಮುಗೀತಂತ. ನಮ್ಮ ಅರ್ಜಿ ನಂಬರ್ ಹೇಳ್ರಿ.”

“ಅರ್ಜಿ ಬಂದೇ ಇಲ್ಲ.”

“ನಿಮ್ಮ ಕೈಯಾಗ ಕೊಟ್ಟೀನಲ್ರಿ. ಆ ಶುಕ್ರಾರ, ಅವಧೂತರ ಬಾಜೂಕ ಕುಂತಿದ್ನಿ. ಹನ್ನೆರಡಕ್ಕ ಇಬ್ರನ್ನೂ ಒಳಗ ಕರದ್ರಿ.”

ಬಾಗಿಲು ಮುಂದೆ ಮಾಡಿದೆ. “ಲಾಲಪ್ಪ, ನೀ ಆ ಶುಕ್ರವಾರ ಇಲ್ಲಿಗೆ ಬಂದಿಲ್ಲ. ತಿಳೀತೇನು?”

“ಬಂದಿದ್ನಲ್ರಿ ಮತ್ತ.”

“ಪತ್ರ ಬೇಕೋ ಬ್ಯಾಡೋ? ಇವತ್ತ ಹೊಸದಾಗಿ ಅರ್ಜಿ ತಗೋತೀನಿ, ಮುಂದಿನ ವರ್ಷಕ್ಕ ಆಗತದ. ಯಾರರೆ ಬಂದು ಕೇಳಿದ್ರ ಬಂದಿರಲಿಲ್ಲ ಅನ್ನು. ಇಲ್ಲಂದ್ರ ಈ ಕಾರ್ಯಾಲಯದಾಗ ನಿನ್ನ ಒಂದ ಕಾಗದ ಮುಂದ ಹೋಗಂಗಿಲ್ಲ.”

ಅವನು ನನ್ನ ಮುಖ ನೋಡಿದ. ಯಮನವ್ವ ಸೆರಗಿನಿಂದ ಕೈ ಒರೆಸಿಕೊಂಡು, “ಹಿಂಗ ಮಾತಾಡವ್ರು ದೊಡ್ಡ ಸಾಹೇಬ್ರು ಒಬ್ರ ಅಂತ ತಿಳಿದಿದ್ನಿ,” ಅಂದಳು. ಏನು ಅರ್ಥವೋ. ಈ ಮಂದಿಗೆ ದೊಡ್ಡವರು ಸಣ್ಣವರು ಎನ್ನುವ ಭೇದವಿಲ್ಲ. ಒಂದು ಸರಕಾರವನ್ನು ಅಳ್ಳಾಡಿಸುವ ಕೆಲಸದಲ್ಲಿ ಒಂದು ಅರ್ಜಿ ಹಿಂದೆಮುಂದೆ ಆಗುತ್ತದೆ. ಹುಡುಗಿಗೆ ಒಂದು ವರ್ಷ ತಡವಾದರೆ ಆಕಾಶ ಬೀಳುವುದಿಲ್ಲ.

ಸಂಜೆ ಕನ್ನಡಿಯ ಮುಂದೆ ನಿಂತು ಸಾಕ್ಷಿ ಹೇಳುವ ಅಭ್ಯಾಸ ಮಾಡಿದೆ. ಚೆನ್ನಾಗಿ ಬರುತ್ತಿದೆ.

ಆಗಸ್ಟ್ ೬, ಬುಧವಾರ

ಇಂದಿನಿಂದ ತರಕಾರಿ ಉಂಟು, ಮೊಸರು ಬಂದ್. ಹೀರೇಕಾಯಿ ಪಲ್ಯ.

ಕಳೆದ ಗುರುವಾರ ಮಠದಲ್ಲಿ ದುರ್ಗಾಳನ್ನು ಮುಂದೆ ಕರೆದು ಮೊದಲ ಹಾಡು ಹಾಡಿಸಿದರಂತೆ. ಎರಡು ವರ್ಷದ ಮೇಲೆ. ನನಗೆ ಹೋಗಲಾಗಲಿಲ್ಲ, ವಕೀಲರ ಹತ್ತಿರ ಹೋಗುವುದಿತ್ತು.

ಊಟಕ್ಕೆ ಬಡಿಸುತ್ತ ಅಂದಳು. “ಇನ್ನ ಸಾಕ ಮಾಡ್ರಿ. ಎಲ್ಲಾ ಮರತಾರ ಮಂದಿ. ನಾನೂ ಮರತೀನಿ.”

“ನೀ ಮರತರ ಆತೇನು? ನಿನ್ನ ಸಲುವಾಗಿನೇ ಮಾಡಲಿಕ್ಹತ್ತೀನಿ.”

“ನನ್ನ ಹೆಸರ ಮ್ಯಾಲ ಏನೂ ಮಾಡಬ್ಯಾಡ್ರಿ. ಸಿಟ್ಟಿನ ಕೈಯಾಗ ಬುದ್ಧಿ ಕೊಡಬಾರದು.” ಪಲ್ಯಕ್ಕೆ ಸೌಟು ಹಾಕಿ, “ಆ ಲಕೋಟಿ ಎಷ್ಟಕ್ಕ ಬಂತಂತ ಬರದೀರಿ?” ಅಂದಳು.

“ಹತ್ತೂ ನಲವತ್ತು.”

“ಶುಕ್ರವಾರ?”

“ಹೌದು, ಶುಕ್ರವಾರ.”

ಪಲ್ಯದ ಸೌಟು ಕೈಯಲ್ಲಿ ಹಿಡಿದು ನಿಂತೇ ಇದ್ದಳು. ಆಮೇಲೆ ಒಳಗೆ ಹೋದಳು. ಯಾಕೆ ಕೇಳಿದಳೋ. ಹೆಂಗಸರಿಗೆ ರಾಜಕಾರಣ ತಿಳಿಯುವುದಿಲ್ಲ.

ಆಗಸ್ಟ್ ೧೭, ರವಿವಾರ

ನಾಳೆ ಮುಂಬೈಯಲ್ಲಿ ನನ್ನ ಸಾಕ್ಷಿ. ಸೋಮವಾರ ಏಳೂವರೆಗೆ ರಾಹುಕಾಲ ಹತ್ತುತ್ತದೆ, ಆರೂ ಮುಕ್ಕಾಲಿಗೇ ಮನೆ ಬಿಡುತ್ತೇನೆ. ಬಿಳಿ ಧೋತರ, ಕಪ್ಪು ಟೋಪಿ ಇಸ್ತ್ರಿಯಾಗಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಾಳೆ ನನ್ನದು.

ಆಗಸ್ಟ್ ೧೮, ಸೋಮವಾರ

ಬರೆಯಲಾರೆ.

ಆಗಸ್ಟ್ ೨೦, ಬುಧವಾರ

ಬರೆಯದಿದ್ದರೆ ಎದೆ ಒಡೆಯುತ್ತದೆ. ಬರೆಯುತ್ತೇನೆ.

ದೊಡ್ಡ ಸಭಾಂಗಣ. ಎತ್ತರದಲ್ಲಿ ಸಭಾಧ್ಯಕ್ಷರು. ಕೆಳಗೆ ಉದ್ದದ ಮೇಜಿನ ಮೇಲೆ ನನ್ನ ರಜಿಸ್ಟರುಗಳು, ಕೆಂಪು ಬೆನ್ನು ಸಾಲಾಗಿ. ಅವನ್ನು ನೋಡಿ ನನಗೆ ಹೆಮ್ಮೆ ಅನ್ನಿಸಿತ್ತು, ಈಗ ಬರೆಯಲು ನಾಚಿಕೆ. ಎದುರಿಗೆ ಅಪ್ಪಾಸಾಹೇಬ. ನಾನು ಕೇಳಿದ ಕುರ್ಚಿಯನ್ನೇ ಅವಧೂತ ಹಾಕಿಸಿದ್ದ.

ನಮ್ಮ ವಕೀಲರು ಕೇಳಿದರು, ಹೇಳಿದೆ. ಹತ್ತೂ ನಲವತ್ತಕ್ಕೆ ಲಕೋಟೆ ಬಂತು, ಆ ಕ್ಷಣವೇ ತೆಗೆದುಕೊಂಡೆ, ಆ ಕ್ಷಣವೇ ಬರೆದೆ. ಧ್ವನಿ ನಡುಗಲಿಲ್ಲ. ಅವಧೂತ ಹಿಂದಿನಿಂದ ಹೆಬ್ಬೆಟ್ಟು ತೋರಿಸಿದ.

ಆಮೇಲೆ ಅಪ್ಪಾಸಾಹೇಬನ ವಕೀಲೆ ಎದ್ದಳು. ಸಾಯಲಿ ಎಂದು ಹೆಸರು, ಮೂವತ್ತು ದಾಟಿರಲಿಕ್ಕಿಲ್ಲ. ಮೆಲ್ಲನೆ ಮರಾಠಿಯಲ್ಲಿ ಶುರು ಮಾಡಿದಳು.

“ಕಾಕಾ, ಈ ರಜಿಸ್ಟರುಗಳೆಲ್ಲ ನಿಮ್ಮ ಕೈಬರಹವೇ?”

“ಪ್ರತಿಯೊಂದು ಅಕ್ಷರ.”

“ಸುಳ್ಳು ನಮೂದು?”

“ಒಂದೂ ಇಲ್ಲ.”

“ನಾನೂ ಹುಡುಕಿದೆ. ಹತ್ತು ದಿನ ಹುಡುಕಿದೆ. ಒಂದು ಅಂಕಿ ತಿದ್ದಿಲ್ಲ. ಇಂಥ ಗುಮಾಸ್ತರನ್ನು ನಾನು ಕಂಡಿಲ್ಲ.” ನಾನು ಟೋಪಿ ಸರಿಮಾಡಿಕೊಂಡೆ. “ಶುಕ್ರವಾರ ಕಾರ್ಯಾಲಯ ಎಷ್ಟಕ್ಕೆ ತೆರೆಯುತ್ತದೆ?”

“ಒಂಬತ್ತೂವರೆಗೆ.”

“ಹತ್ತೊಂಬತ್ತು ವರ್ಷದಲ್ಲಿ ಒಂಬೈನೂರಕ್ಕೂ ಹೆಚ್ಚು ಶುಕ್ರವಾರ. ಹತ್ತೂವರೆಯಿಂದ ಹನ್ನೆರಡರ ನಡುವೆ ಎಷ್ಟು ಪತ್ರ ಬಂದಿವೆ, ಕಾಕಾ?”

ಆ ಕ್ಷಣದಲ್ಲಿ ದುರ್ಗಾ ಸೌಟು ಹಿಡಿದು ನಿಂತದ್ದು ಕಣ್ಣೆದುರು ಬಂತು.

“ನಾನೇ ಹೇಳುತ್ತೇನೆ,” ಅಂದಳು. “ಒಂದು. ಜುಲೈ ನಾಲ್ಕು, ಹತ್ತೂ ನಲವತ್ತು. ಶನಿವಾರ ಒಂಬತ್ತೂವರೆಯಿಂದ ಹತ್ತೂವರೆಯವರೆಗೆ ಒಂದೂ ಇಲ್ಲ. ಗುರುವಾರ ಒಂದೂವರೆಯಿಂದ ಮೂರರವರೆಗೆ ಒಂದೂ ಇಲ್ಲ. ಕಾಕಾ, ರಾಹುಕಾಲ ಅಂದರೆ ಏನು ಎಂದು ಸಭಾಧ್ಯಕ್ಷರಿಗೆ ತಿಳಿಸುತ್ತೀರಾ?”

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಮ್ಮ ವಕೀಲರು ಎದ್ದು ಏನೋ ಅಂದರು, ಕೂತರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಬಲಗೈಯನ್ನು ಮೇಜಿನ ಕೆಳಗೆ ಸೇರಿಸಿದ್ದೆ. ಅಪ್ಪಾಸಾಹೇಬನ ಮುಖ ನೋಡಬೇಕೆಂದು ಕೇಳಿದ್ದೆನಲ್ಲ, ನೋಡಿದೆ. ಅವನು ನಗುತ್ತಿರಲಿಲ್ಲ. ಮುದಿ ನಾಯಿಯನ್ನು ನೋಡುವಂತೆ ಮರುಕದಿಂದ ನೋಡುತ್ತಿದ್ದ. ಅವನು ನಕ್ಕಿದ್ದರೆ ಸಹಿಸುತ್ತಿದ್ದೆ.

ಸಂಜೆಗೇ ತೀರ್ಪು. ಸಾಕ್ಷಿ ನಂಬಲರ್ಹವಲ್ಲ, ವಿಪ್ ವೇಳೆಗೆ ಮುಟ್ಟಿದ್ದಕ್ಕೆ ಪುರಾವೆಯಿಲ್ಲ, ಅರ್ಜಿ ವಜಾ. ನಮ್ಮ ಕಡೆಯ ಸಭಾಧ್ಯಕ್ಷರಿಗೂ ಬೇರೆ ದಾರಿಯಿರಲಿಲ್ಲ. ಅವಧೂತ ನನ್ನನ್ನು ಬಿಟ್ಟು ಕಾರು ತೆಗೆದುಕೊಂಡು ಹೋದ. ನಾನು ರೈಲಿನಲ್ಲಿ ಬಂದೆ.

ಹೊರಡುವಾಗ ಮೆಟ್ಟಿಲ ಮೇಲೆ ಅಪ್ಪಾಸಾಹೇಬ ಟಿವಿಯವರಿಗೆ ಹೇಳುತ್ತಿದ್ದ. “ಎರಡು ವರ್ಷದ ಹಿಂದೆಯೇ ಹೇಳಿದ್ದೆ. ನನ್ನ ಗುಮಾಸ್ತ ನನಗೆ ತಿಳಿಯದಂತೆ ದಾಖಲೆ ತಿದ್ದುತ್ತಾನೆ ಎಂದು. ಆಗ ಕೆಲವರು ನಂಬಲಿಲ್ಲ.”

ಅಂದು ಅದು ಹಸಿ ಸುಳ್ಳು. ಇಂದು ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಅವನ ಮಾತನ್ನು ನಿಜ ಮಾಡಿಕೊಟ್ಟವನು ನಾನೇ. ಸ್ನಾನ ಮಾಡಿ, ಗೋಪೀಚಂದನ ಹಚ್ಚಿಕೊಂಡು.

ಆಗಸ್ಟ್ ೨೯, ಶುಕ್ರವಾರ

ನಿನ್ನೆ ಗಣಪತಿಯನ್ನು ಕಳಿಸಿದೆವು. ನಿನ್ನೆ ಗುರುವಾರವೂ ಹೌದು. ದುರ್ಗಾ ಮಠಕ್ಕೆ ಹೋಗಲಿಲ್ಲ. “ಗಂಟಲಾ ಹಿಡದದರಿ,” ಅಂದಳು. ಅಡುಗೆಮನೆಯಲ್ಲಿ ಅವಳು ಹಾಡಿಕೊಳ್ಳುವುದು ಕೇಳುತ್ತಿತ್ತು, ಗಂಟಲು ಚೆನ್ನಾಗಿಯೇ ಇತ್ತು.

ಯಮನವ್ವನ ಮಗಳು ಕಟ್ಟಡದ ಮೇಲೆ ಮರಳು ಜರಡಿ ಹಿಡಿಯುತ್ತಿದ್ದಾಳಂತೆ. ದುರ್ಗಾ ಹೇಳಿದಳು. ನಾನು ಕೇಳಿರಲಿಲ್ಲ.

ಅಪ್ಪಾಸಾಹೇಬನ ಮೇಲಿನ ಸಿಟ್ಟು ಇಳಿದಿಲ್ಲ, ಸುಳ್ಳು ಯಾಕೆ ಬರೆಯಲಿ. ಪೇಪರಿನಲ್ಲಿ ಅವನು ಮಂತ್ರಿಯಾಗಿ ಪ್ರಮಾಣ ಮಾಡುವ ಫೋಟೋ ನೋಡಿ ಪೇಪರನ್ನು ಮಗುಚಿಟ್ಟೆ. ಅವನಿಗೆ ಏನು ಮಾಡಲಿ ಎಂದು ಇವತ್ತು ಬೆಳಿಗ್ಗೆಯೂ ಯೋಚಿಸುತ್ತಿದ್ದೆ. ಆಗ ಬಾಗಿಲು ಬಡಿದರು.

ಒಬ್ಬ ಹವಾಲ್ದಾರ, ಕೈಯಲ್ಲಿ ನೋಟೀಸು. ಸುಳ್ಳು ದಾಖಲೆ, ಸುಳ್ಳು ಸಾಕ್ಷಿ. ಸೋಮವಾರ ಠಾಣೆಗೆ ಹಾಜರಾಗಬೇಕು.

ದುರ್ಗಾ ಗೋಡೆಯ ಗಡಿಯಾರ ನೋಡಿದಳು. ಆಮೇಲೆ ನನ್ನನ್ನು. ಮೂವತ್ತೊಂದು ವರ್ಷದ ರೂಢಿ, ತಾನಾಗಿಯೇ ಬಾಯಿಗೆ ಬಂತು. “ಹನ್ನೆರಡರ ತನಕಾ ಹೊರಗ ಕುಂದ್ರಸ್ಲೇನ್ರಿ?”

“ಬ್ಯಾಡ. ಒಳಗ ಕರಿ.”

ಪೆನ್ನಿನ ಟೋಪಿ ತೆಗೆದೆ. ಹೆಸರು ಬರೆದೆ, ತಾರೀಖು ಬರೆದೆ. ಹವಾಲ್ದಾರ ಬೆರಳಿಟ್ಟು ತೋರಿಸಿ, “ಇಲ್ಲಿ ವೇಳೆ ಬರೆಯಿರಿ,” ಅಂದ.

ದುರ್ಗಾ ನೋಡುತ್ತಿದ್ದಳು. ಹತ್ತೂ ಐವತ್ತೆರಡು ಆಗಿತ್ತು. ಹತ್ತೂ ಐವತ್ತೆರಡು ಎಂದೇ ಬರೆದೆ.